ಪಂಪು ಆರಿಸಿದವರು ಯಾರು?

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಕಟ್ಟಿದವರು ನನ್ನಂಥ ಒಬ್ಬ ಎಂಜಿನಿಯರನ್ನು ಬಹಳ ಹತ್ತಿರದಿಂದ ಕಂಡಿರಬೇಕು. ಹ್ಯೂಸ್ಟನ್ನಿನಿಂದ ಮೂರು ಗಂಟೆ ದೂರದ ರೌಂಡ್ ರಾಕ್ ಎಂಬ ಊರಿನ ಕಂಪನಿಯೊಂದರಲ್ಲಿ ಕಂಪ್ಯೂಟರುಗಳು ಬಿಸಿಯಾಗದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಹದಿನೈದು ವರ್ಷಗಳಿಂದ ಅದೇ ಕೆಲಸ ಮಾಡಿಕೊಂಡು, ಹೊಸಬರಿಗೆ ಪಾಠವನ್ನೂ ಹೇಳಿಕೊಂಡು ಮಾನವಾಗಿ ಬದುಕಿದ್ದೆ. ಆ ಮಾನಕ್ಕೆ ಕುತ್ತು ತಂದದ್ದು ನನಗಿಂತ ವಯಸ್ಸಾದ ಒಂದು ಕೆಂಪು ಮಸಲ್ ಕಾರು, ಅಂದರೆ ಭಾರೀ ಎಂಜಿನ್ನಿನ ಗುಡುಗುವ ಗಾಡಿ. ನಲವತ್ತೈದು ದಾಟಿದ ಗಂಡಸಿಗೆ ಇಂಥದೊಂದು ಕಾರು ಯಾಕೆ ಬೇಕು ಎಂದು ಕೇಳಬೇಡಿ. ನನ್ನ ಹೆಂಡತಿ ಗಿರಿಜಾ ಕೇಳಿದಾಗಲೂ ನಾನು ಉತ್ತರ ಕೊಟ್ಟಿಲ್ಲ. ಧಾರವಾಡದವಳಾದ ಅವಳು ಅದಕ್ಕೆ ತವರಿನ ಹಸುವಿನ ಹೆಸರನ್ನಿಟ್ಟು ‘ಕೆಂಪಿ’ ಎಂದು ಕರೆದು ಸುಮ್ಮನಾದಳು.

ಆಯುಧಪೂಜೆಯ ದಿನ ಕೆಂಪಿಯನ್ನು ಶೃಂಗರಿಸಿ ದೇವಸ್ಥಾನಕ್ಕೆ ಹೊರಟೆವು. ಮೂರನೆಯ ಸಿಗ್ನಲ್ಲಿನಲ್ಲಿ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು, ನಾಲ್ಕನೆಯದರಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಕೊನೆಗೆ ಚೆಂಡುಹೂವಿನ ಹಾರಗಳ ಸಮೇತ ಕೆಂಪಿ ಟೋ ಟ್ರಕ್ಕನ್ನೇರಿ ಉತ್ಸವಮೂರ್ತಿಯಂತೆ ಮನೆಗೆ ಬಂದಳು. ದೇವಸ್ಥಾನಕ್ಕೆ ಹೊರಟು ದಾರಿಯಲ್ಲಿ ಎದುರಾದ ಕನ್ನಡದವರೆಲ್ಲ ಕೈಯೆತ್ತಿದರು, ಕೆಲವರು ಮುಗಿದರೇನೋ. ಟ್ರಕ್ಕಿನಲ್ಲಿ ಕುಳಿತೇ ನಾನು ರೋಗ ಕಂಡುಹಿಡಿದಿದ್ದೆ. ಎಂಜಿನ್ನಿನ ಸುತ್ತ ನೀರು ಓಡಿಸುವ ಪಂಪು ಮುದಿಯಾಗಿದೆ, ಹೊಸದು ಬೇಕು.

ಇದನ್ನು ಫೋನಿನಲ್ಲಿ ನನ್ನ ಷಡ್ಡಕರಿಗೆ ಹೇಳಿದ್ದು ಮೊದಲ ತಪ್ಪು. ಗಿರಿಜಾಳ ಅಕ್ಕನ ಗಂಡ ಬಸವರಾಜರು ಹ್ಯೂಸ್ಟನ್ನಿನ ಸೈಪ್ರೆಸ್ಸಿನಲ್ಲಿದ್ದಾರೆ. ತೈಲದ ಕಂಪನಿಗಳಿಗೆ ಪಂಪು ಕೂರಿಸುವುದೇ ಅವರ ಕಸುಬು. ಜೂನ್ ತಿಂಗಳಲ್ಲಿ ಅವರ ಮಗಳು ಸ್ಮಿತಾಳ ಮದುವೆ. ಮದುಮಗನನ್ನು ಕೆಂಪಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿಸುತ್ತೇನೆಂದು ನಾನು ಆಗಲೇ ಮಾತು ಕೊಟ್ಟಿದ್ದೆ.

“ಮೆರವಣಿಗಿ ಅಂದ್ರ ನಡಿಗಿ ವೇಗ ರೀ. ಎಂಜಿನ್ ನಿಧಾನ ತಿರಗತೈತಿ, ಅದಕ್ಕ ಕಟ್ಟಿದ ಪಂಪೂ ನಿಧಾನ ತಿರಗತೈತಿ. ಕರೆಂಟಿನ ಪಂಪ್ ಹಾಕಸ್ರಿ. ಇಲ್ಲಾಂದ್ರ ಈಗ ಹೇಳ್ರಿ, ಕುದುರಿ ಹೇಳಿ ಇಡ್ತೇನಿ” ಎಂದರು ಬಸವರಾಜರು.

ಕುದುರೆ ಎಂದದ್ದು ನನಗೆ ನಾಟಿತು. ಒಂದು ಕುದುರೆಯಿಂದಾಗುವ ಕೆಲಸ ನನ್ನ ಎಂಟು ಸಿಲಿಂಡರಿನಿಂದ ಆಗದೆ? ಕುದುರೆ ಬೇಡ, ಕರೆಂಟೂ ಬೇಡ, ಎಂಜಿನ್ನಿನ ಬೆಲ್ಟಿಗೇ ತಿರುಗುವ ಒಳ್ಳೆಯ ಪಂಪು ಹುಡುಕುತ್ತೇನೆ ಎಂದುಬಿಟ್ಟೆ. ಅಲ್ಲಿಂದ ಆರು ತಿಂಗಳು ನಾನು ಓದಿದ್ದು ಪಂಪು, ಕನವರಿಸಿದ್ದು ಪಂಪು. ಪಂಪುಗಳಲ್ಲಿ ಕುಳ್ಳ, ಉದ್ದ ಎಂದು ಎರಡು ಜಾತಿಗಳಿವೆ ಎಂಬುದು ಉದ್ದನೆಯದನ್ನು ತರಿಸಿ, ಅದರ ಗಾಲಿಗೂ ಬೆಲ್ಟಿಗೂ ಹೊಂದದೆ ಹೋದಾಗ ತಿಳಿಯಿತು. ಕುಳ್ಳನೆಯದರಲ್ಲೂ ಕಬ್ಬಿಣದ್ದು ಬೇಕೋ ಅಲ್ಯೂಮಿನಿಯಂ ಬೇಕೋ? ಊಟದ ಮೇಜಿನ ಮೇಲೆ ಶೇಂಗಾ ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲಿ ಎರಡನ್ನೂ ಇಟ್ಟುಕೊಂಡು ಅನ್ನ ಕಲೆಸುತ್ತ ನೋಡುತ್ತಿದ್ದೆ.

“ಒಂದು ಪಂಪ್ ಆರಿಸಾಕ ಆರು ತಿಂಗಳಾತು. ನನ್ನ ನೋಡಾಕ ಬಂದಾಗ ಅರ್ಧಾ ತಾಸಿನ್ಯಾಗ ಹೂಂ ಅಂದಿದ್ರಿ” ಎಂದಳು ಗಿರಿಜಾ. ಅದು ಹೊಗಳಿಕೆಯಲ್ಲ ಎಂಬಷ್ಟು ಸಂಸಾರಜ್ಞಾನ ನನಗಿದೆ.

ಕೊನೆಗೆ ಅಲ್ಯೂಮಿನಿಯಂ ಪಂಪನ್ನೇ ಹಾಕಿಸಿದೆ. ಹಗುರ, ನೀರು ಹೆಚ್ಚು ಓಡಿಸುತ್ತದೆ ಎಂದೆಲ್ಲ ಷಡ್ಡಕರಿಗೆ ಕಾರಣ ಕೊಟ್ಟೆ. ನಿಜ ಹೇಳಲೇ? ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಬಾನೆಟ್ ತೆರೆದರೆ ಬೀಗರು ನೋಡಿ ದಂಗಾಗಬೇಕು ಎಂಬುದಷ್ಟೇ ನನ್ನ ಆಸೆ. ಕೆಂಪಿಯಲ್ಲಿದ್ದ ಹಳೆಯ ಕಬ್ಬಿಣದ ಪಂಪನ್ನು ಗುಜರಿಗೆ ಹಾಕಿದೆ. ವಾರಗಟ್ಟಲೆ ಬಿಸಿಲಿನಲ್ಲಿ ಓಡಿಸಿದರೂ ಮುಳ್ಳು ಅಲುಗಾಡಲಿಲ್ಲ. ಕುದುರೆಯನ್ನು ಮರೆತುಬಿಡಿ ಎಂದು ಸೈಪ್ರೆಸ್ಸಿಗೆ ಸಂದೇಶ ಕಳಿಸಿದೆ.

ಮದುವೆಯ ದಿನ ಬೆಳಗ್ಗೆ ಹತ್ತಕ್ಕೇ ಹ್ಯೂಸ್ಟನ್ನಿನ ಸೆಕೆ ಮೈಗೆ ಒದ್ದೆ ಬಟ್ಟೆ ಸುತ್ತಿದಂತಿತ್ತು. ಪೇಟ ಸುತ್ತಿದ ಮದುಮಗ ನಿಖಿಲ್ ಹಿಂದಿನ ಸೀಟಿನಲ್ಲಿ, ರೇಷ್ಮೆ ಪಂಚೆಯ ನಾನು ಸ್ಟಿಯರಿಂಗ್ ಹಿಡಿದು, ಮುಂದೆ ಪಂಜಾಬಿ ಢೋಲಿನವರು. ಕಾರಿನ ಮೂತಿಗೆ ‘ಸ್ಮಿತಾ ವೆಡ್ಸ್ ನಿಖಿಲ್’ ಎಂಬ ಥರ್ಮಾಕೋಲ್ ಬೋರ್ಡು. ಎರಡು ದಿನ ಕೂತು ಅಕ್ಷರ ಕತ್ತರಿಸಿ, ಅಂಟಿಸಿ, ಅಲ್ಲಾಡದಂತೆ ಬಿಗಿದು ಕಟ್ಟಿದವನು ನಾನೇ. ಮದುವೆಯ ಹಾಲಿನ ಪಾರ್ಕಿಂಗ್ ಸುತ್ತಿ ಬಾಗಿಲಿಗೆ ಬರಬೇಕಾಗಿದ್ದ ಮೆರವಣಿಗೆ, ಯೂಲೆಸ್ ಎಂಬ ಊರಿನಿಂದ ಬಂದಿದ್ದ ಬೀಗರ ಕಡೆಯವರ ಕುಣಿತದಿಂದಾಗಿ ಒಂದೇ ಕಡೆ ನಿಂತಿತು. ಮುಳ್ಳು ಏರತೊಡಗಿತು. ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇರುವಾಗ, ಬೀಗರೆಲ್ಲರ ಎದುರಿಗೆ, ಕೆಂಪಿ ಬುಸ್ಸೆಂದು ಹಬೆ ಬಿಟ್ಟಳು.

ಎಂಜಿನ್ ಆರಿಸಿ ಬಾನೆಟ್ ಎತ್ತಿದೆ. ಹೊಳೆಯುವ ಪಂಪು ಎಲ್ಲರಿಗೂ ಕಾಣಿಸಿತು. ಬಸವರಾಜರು ಓಡಿ ಬಂದು, “ಕರೆಂಟಿಂದ ಹಾಕಸ್ರಿ ಅಂತ ಬಡಕೊಂಡೆ. ನನ್ನ ಮಾತು ಕೇಳಿದ್ರೇನು?” ಎಂದರು. ಪಂಪಿನ ದೋಷವಲ್ಲ, ನಿಮ್ಮ ಬೀಗರು ಕುಣಿದದ್ದು ಹೆಚ್ಚಾಯಿತು ಎಂದೆ. ಹಾಗೆ ಪಂಪಿನ ಪಂಡಿತರೂ ತಂಪಿನ ಪಂಡಿತನೂ ಬಾನೆಟ್ಟಿನೊಳಗೆ ತಲೆ ತೂರಿಸಿ ಜಗಳವಾಡುತ್ತಿದ್ದಾಗ ಗಿರಿಜಾ ಸೆರಗು ಸಿಕ್ಕಿಸಿಕೊಂಡು ಕಾರಿನ ಮುಂದೆ ನಿಂತಳು.

“ನಿಮ್ಮಿಬ್ರ ಮಾತು ಆಮ್ಯಾಲ ಇರ್ಲಿ. ಅದರ ಮೂಗು ಬಾಯಿ ಎಲ್ಲಾ ಮುಚ್ಚಿ ಬೋರ್ಡ್ ಕಟ್ಟೀರಲ್ಲ, ಅದು ಉಸಿರಾಡೂದು ಎಲ್ಲಿಂದ?”

ಎಂಜಿನ್ನಿನ ಬಿಸಿನೀರನ್ನು ತಣಿಸುವ ರೇಡಿಯೇಟರಿಗೆ ಗಾಳಿ ಬರುವ ಜಾಗಕ್ಕೆ ಸರಿಯಾಗಿ, ಒಂದು ಬೆರಳೂ ತೂರದಂತೆ, ನಾನು ಥರ್ಮಾಕೋಲ್ ಕಟ್ಟಿದ್ದೆ. ಶಾಖ ದಾಟಬಾರದು ಎಂದರೆ ಏನು ಬಳಸಬೇಕು ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು ಸೂಚಿಸುವುದೂ ಇಂಥದನ್ನೇ. ಆಯುಧಪೂಜೆಯಂದು ಅದೇ ಜಾಗಕ್ಕೆ ಆರು ಸಾಲು ಹಾರ ಬಿಗಿದವನೂ ನಾನೇ ಎಂಬುದು ಆಗ ನೆನಪಾಯಿತು. ಪಾಪ, ಗುಜರಿ ಸೇರಿದ ಕಬ್ಬಿಣದ ಪಂಪು ಯಾವ ತಪ್ಪನ್ನೂ ಮಾಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಬೋರ್ಡು ಬಿಚ್ಚಿ ಗಿರಿಜಾಳ ಕೈಗೆ ಕೊಟ್ಟೆ. ಬೀಗರ ಕಡೆಯವರು ಮತ್ತೆ ಕುಣಿತಕ್ಕೆ ತಿರುಗಿದ್ದರಿಂದ ಅದನ್ನು ಗಮನಿಸಲಿಲ್ಲ. ಇಪ್ಪತ್ತು ನಿಮಿಷ ಆರಲು ಬಿಟ್ಟು, ನೀರು ತುಂಬಿಸಿ ಹೊರಟರೆ ಕೆಂಪಿ ಬಾಗಿಲಿನವರೆಗೂ ಸಾಧುವಾಗಿ ನಡೆದಳು. ಮುಹೂರ್ತ ತಪ್ಪಲಿಲ್ಲ.

ಊಟದ ಪಂಕ್ತಿಯಲ್ಲಿ ಮದುಮಗನ ತಂದೆ, ನಮ್ಮ ಬೀಗರು, ನನ್ನ ಪಕ್ಕಕ್ಕೆ ಬಂದು ಕೂತರು. “ಏನ್ ಸಾರ್, ಅಷ್ಟು ಬೇಗ ಸರಿ ಮಾಡಿಬಿಟ್ರಲ್ಲ. ನಮ್ಮನೇಲೂ ಒಂದು ಹಳೇ ಗಾಡಿ ಇದೆ, ಪಂಪ್ ಹೋಗಿದೆ. ಇದನ್ನ ಆರಿಸಿದ್ದು ಯಾರು?”

ಎಲ್ಲ ಆ ಪಂಪಿನ ಮಹಿಮೆ, ಆರಿಸಿದವನು ನಾನು ಎಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಎದುರಿನಿಂದ ಬಸವರಾಜರು ಹೋಳಿಗೆ ಮುರಿಯುತ್ತ, “ಆ ಪಂಪಿಂದ ಏನ್ ಕೇಳ್ತೀರಿ ಬೀಗ್ರ. ಆರು ತಿಂಗಳು ನೋಡಿ ನೋಡಿ ನಾನ ಆರಿಸಿ ಕೊಟ್ಟದ್ದು” ಎಂದರು.

ಅಲ್ಲವೆಂದರೆ ಷಡ್ಡಕರ ಬಾಯಿಂದ ಬೋರ್ಡಿನ ಕಥೆ ಹೊರಬೀಳುತ್ತದೆ. ಗಿರಿಜಾ ತುಪ್ಪ ಬಡಿಸುವ ನೆಪದಲ್ಲಿ ನನ್ನನ್ನೇ ನೋಡುತ್ತಿದ್ದಳು. “ಹೌದು ಸಾರ್, ಪಂಪಿನ ವಿಷಯದಲ್ಲಿ ಅವರನ್ನೇ ಕೇಳಬೇಕು” ಎಂದೆ.

ಬೀಗರು ಯೂಲೆಸ್ಸಿಗೆ ಹೋಗಿ ಅಂಥದೇ ಪಂಪನ್ನು ಹಾಕಿಸಿಕೊಂಡರು. ಗಾಡಿ ಸೊಗಸಾಗಿ ಓಡುತ್ತಿದೆಯಂತೆ. ಕೃತಜ್ಞತೆಗೆಂದು ದೀಪಾವಳಿಗೆ ಒಂದು ದೊಡ್ಡ ಡಬ್ಬಿ ಮೈಸೂರು ಪಾಕು ಬಂತು, ಸೈಪ್ರೆಸ್ಸಿಗೆ. ಷಡ್ಡಕರು ಅದರ ಫೋಟೋ ತೆಗೆದು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಮೊದಲು ಅಭಿನಂದಿಸಿದವನು ನಾನು.