ಓಣಿಗೆ ಇಂಟರ್ನೆಟ್ ವೇಗ ಹಂಚಿದ ಪ್ರಸಂಗ

ಒಂದೇ ವಸ್ತುವನ್ನು ಹಲವರಿಗೆ ಹಂಚಲು ಹೊರಟವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ರೋಣದ ನಮ್ಮ ಓಣಿಯ ನಾಲ್ಕು ಮನೆಗಳು ಕೂಡಿ ಒಂದೇ ಇಂಟರ್ನೆಟ್ ಸಂಪರ್ಕ ಪಡೆದವು. ಯಾವ ಮನೆಗೆ ಎಷ್ಟು ವೇಗವೆಂದು ನಿರ್ಧರಿಸುವ ಹೊಣೆಯನ್ನು, ನಿವೃತ್ತ ಮುಖ್ಯೋಪಾಧ್ಯಾಯನೆಂಬ ಕಾರಣಕ್ಕೆ, ನನಗೆ ಒಪ್ಪಿಸಲಾಯಿತು.

ಸಮಪಾಲು

ಮೊದಲು ಎಲ್ಲರಿಗೂ ಸಮಪಾಲು ಕೊಟ್ಟೆ. ಒಂದು ಮನೆ ಬಳಸದಿದ್ದಾಗ ಅದರ ಪಾಲು ತಾನಾಗಿ ಉಳಿದವರಿಗೆ ಸೇರುವಂತೆ ವ್ಯವಸ್ಥೆ ಮಾಡಿದೆ. ಎದುರುಮನೆಯ ಮೆಣಸಿನಕಾಯಿ ವ್ಯಾಪಾರಿ ಸಂಜೆ ಬಂದರು.

"ಗುರುಗಳ, ಮುಂಜಾನಿಯಿಂದ ನಾ ಅಂಗಡ್ಯಾಗ ಇದ್ದೆ. ನನ್ನ ಪಾಲಿನ ವೇಗ ಹಂಗ ಉಳದಿರಬೇಕಲ್ರಿ? ಈಗ ಎಲ್ಲಾ ಕೂಡಿಸಿ ಕೊಟ್ಟಬಿಡ್ರಿ."

"ವೇಗ ಕೂಡಿಡುವ ವಸ್ತುವಲ್ಲ. ನೀವು ಬಳಸಲಿಲ್ಲ, ಪಕ್ಕದವರು ಬಳಸಿದರು."

"ನನ್ನ ಕೇಳದ?"

ಮರುದಿನದಿಂದ ಅವರು ಇಂಟರ್ನೆಟ್ ಟಿವಿಯಲ್ಲಿ ಕುಸ್ತಿ ಪಂದ್ಯ ಹಚ್ಚಿ, ಬಾಗಿಲಿಗೆ ಕೀಲಿ ಹಾಕಿ ಅಂಗಡಿಗೆ ಹೋಗತೊಡಗಿದರು. ನೋಡುವವರೇ ಇಲ್ಲದ ಮನೆಯಲ್ಲಿ ಪೈಲವಾನರು ದಿನವಿಡೀ ಸೆಣಸಿದರು.

ತುರ್ತು

ನಿಯಮವನ್ನು ತಿದ್ದಿದೆ: ತುರ್ತು ಕೆಲಸವಿದ್ದವರಿಗೆ ಹೆಚ್ಚಿನ ಪಾಲು. ಮೂಲೆಮನೆಯ ಅಜ್ಜಿ ಮೊದಲಿಗರಾಗಿ ಅರ್ಜಿ ತಂದರು, ಬಾಯಿಮಾತಿನಲ್ಲಿ.

"ನರಗುಂದದಾಗ ಮಗಳು ಕಡಬು ಮಾಡಾಕತ್ತಾಳ್ರಿ. ವಿಡಿಯೊದಾಗ ನಾ ನೋಡಲಿಲ್ಲಂದ್ರ ಒಡೀತಾವ."

"ಅಡುಗೆ ತುರ್ತು ಕೆಲಸವಲ್ಲ," ಎಂದು ತಿರಸ್ಕರಿಸಿದೆ.

ಮರುದಿನ ನರಗುಂದದ ಬಸ್ಸಿನಲ್ಲಿ ಒಂದು ಡಬ್ಬಿ ಬಂತು. ಅಜ್ಜಿ ಅದನ್ನು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ಒಂದೂ ಇಡಿಯಾಗಿರಲಿಲ್ಲ.

"ಸಾಕ್ಷಿ ತಂದೀನ್ರಿ. ಇದನ್ನ ನೀವ ತಿನ್ರಿ."

ತಿಂದೆ. ಅಂದಿನಿಂದ ಕಡಬು ತುರ್ತು ಕೆಲಸ.

ಪೂರ್ಣ ವೇಗ

ಗಜೇಂದ್ರಗಡದ ಒಂದು ಶಾಲೆಯ ಶಿಕ್ಷಕಿ ಹುದ್ದೆಗೆ ನನ್ನ ಸೊಸೆಗೆ ವಿಡಿಯೊ ಸಂದರ್ಶನವಿತ್ತು. ಹಿಂದೊಮ್ಮೆ ನಡುವೆ ಚಿತ್ರ ನಿಂತುಹೋಗಿ ಅವಳ ಕೈಗೆ ಬಂದ ಕೆಲಸ ತಪ್ಪಿತ್ತು. ಈ ಬಾರಿ ತಪ್ಪಬಾರದು. ಓಣಿಯವರನ್ನು ವಿನಂತಿಸಿದೆ, ಎಲ್ಲರೂ ತಮ್ಮ ಪಾಲು ಬಿಟ್ಟುಕೊಟ್ಟರು. ಪೂರ್ಣ ವೇಗ ಅವಳಿಗೆ.

ಆದರೆ ಕೊಟ್ಟದ್ದು ಮುಟ್ಟಿತೋ ಇಲ್ಲವೋ ಎಂದು ಖುದ್ದಾಗಿ ಬಂದು ವಿಚಾರಿಸುವುದು ನಮ್ಮ ಓಣಿಯ ರೂಢಿ. ಸಂದರ್ಶನದ ನಡುವೆ ಬಾಗಿಲು ತೆರೆಯಿತು.

"ನಮ್ಮ ಮನೀದು ಬಂತೇನವಾ?" ವ್ಯಾಪಾರಿ ಕೇಳಿದರು.

"ನಂದೂ ಪೂರಾ ಬಿಟ್ಟೀನಿ ಯವ್ವಾ. ಚಲೋ ಓಡಾಕತ್ತೈತೇನ?" ಎಂದರು ಅಜ್ಜಿ.

"ಮೌನ!" ಎಂದು ನಾನು ಗರ್ಜಿಸಿದೆ. ಗದ್ದಲ ಇಮ್ಮಡಿಯಾಯಿತು.

ತೆರೆಯ ಮೇಲಿನ ಸಂದರ್ಶಕರು ಮುಗುಳ್ನಕ್ಕು ಕೇಳಿದರು: "ಮೇಡಂ, ತರಗತಿಯೊಳಗ ಹಿಂಗ ಗದ್ದಲಾದ್ರ ಏನ್ ಮಾಡ್ತೀರಿ?"

ಸೊಸೆ ಹಿಂದೆ ತಿರುಗಿದಳು. "ಎಲ್ಲಾರೂ ಕೂಡ್ರಿ. ಕೈ ಕಟ್ರಿ. ಬಾಯಿ ಮುಚ್ರಿ."

ವ್ಯಾಪಾರಿ ಹೊಸ್ತಿಲ ಮೇಲೆ ಕುಳಿತರು. ಅಜ್ಜಿ ಜೋಳದ ಚೀಲದ ಮೇಲೆ ಕುಳಿತರು. ಸೂಜಿ ಬಿದ್ದರೂ ಕೇಳುವಂತಾಯಿತು.

"ಕೆಲಸ ನಿಮ್ಮದ," ಎಂದರು ಸಂದರ್ಶಕರು. "ಅಂದಂಗ, ಎಲ್ಲಾರಿಗಿಂತ ಮೊದಲ ಕೈಕಟ್ಟಿ ನೆಲದ ಮ್ಯಾಲ ಕುಂತರಲ್ಲ, ಆ ಬಿಳಿ ಮೀಸೀ ಹಿರಿಯರು ಯಾರ್ರಿ?"

"ನಮ್ಮ ಮಾವನೋರ್ರಿ," ಎಂದಳು ಸೊಸೆ. "ನಿವೃತ್ತ ಮುಖ್ಯೋಪಾಧ್ಯಾಯರು."