ಡಾಕ್ಟರಮ್ಮ ನೋಡಿದ ಗೋಡೆ

ವಿಸಲ್ ಊದಲಾಗದ ಡ್ರಿಲ್ ಮೇಷ್ಟ್ರನ್ನು ಇಟ್ಟುಕೊಂಡು ಶಾಲೆಯವರು ಏನು ಮಾಡಬೇಕು? ಆ ಬೆಳಿಗ್ಗೆ ಹೆಡ್‌ಮೇಷ್ಟ್ರು ಎಲ್ಲರೆದುರಿಗೇ ಇದನ್ನು ಕೇಳಿಬಿಟ್ಟರು. ಡ್ರಿಲ್ ಮೇಷ್ಟ್ರು ಸಾಲಾಗಿ ನಿಂತ ಮಕ್ಕಳ ಮುಂದೆ ವಿಸಲನ್ನು ಬಾಯಿಗಿಟ್ಟುಕೊಂಡಿದ್ದರು. ಅದು ತೆಪ್ಪಗಿತ್ತು, ಅವರ ಎದೆ ಮಾತ್ರ ಸುಂಯ್ ಸುಂಯ್ ಎನ್ನುತ್ತಿತ್ತು. ಹಿಂದಿನ ಸಾಲಿನಿಂದ ಯಾವನೋ, "ಸಾರ್ ಒಳಗಡೆಯಿಂದ ಊದ್ತಿದಾರೆ ಕಣ್ರೋ" ಎಂದ. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

ಉರಿದದ್ದು ಮಕ್ಕಳ ಮೇಲಲ್ಲ, ತಮ್ಮ ಮಲಗುವ ಕೋಣೆಯ ಗೋಡೆಯ ಮೇಲೆ. ಮಹಡಿಯಲ್ಲಿದ್ದ ಓನರಮ್ಮನ ಬಚ್ಚಲ ನೀರು ವರ್ಷವಿಡೀ ಆ ಗೋಡೆಗೆ ಇಳಿದಿಳಿದು ಕಪ್ಪಗೆ ಬೂಷ್ಟು ಹಬ್ಬಿತ್ತು. ರಾತ್ರಿಯೆಲ್ಲ ಅದರ ಪಕ್ಕ ಮಲಗಿದರೆ ಎದೆ ಇನ್ನೇನಾದೀತು? ದೂರಿದಾಗಲೆಲ್ಲ ಓನರಮ್ಮನದು ಒಂದೇ ರಾಗ. "ನಿಮ್ಮ ಎದೆ ಕೆಟ್ಟಿದ್ರೆ ನನ್ನ ಗೋಡೆ ಏನ್ರೀ ಮಾಡುತ್ತೆ? ಡಾಕ್ಟ್ರು ನೋಡಿ ಹೇಳ್ಲಿ, ಆಮೇಲೆ ಮಾತಾಡೋಣ." ಬೇರೆ ಕಡೆ ಹೋಗೋಣವೆಂದರೆ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡಿದ್ದ ಮನೆ ಇದೊಂದೇ. ಅದಕ್ಕಿಂತ ದೂರ ದಿನಾ ನಡೆಯಲು ಮೇಷ್ಟ್ರಿಗೆ ಉಸಿರು ಸಾಲದು. ಮನೆ ಬಿಟ್ಟರೆ ಕೆಲಸವೂ ಹೋದ ಹಾಗೆಯೇ.

ಪುಣ್ಯಕ್ಕೆ ಈಗ ಡಾಕ್ಟರು ಫೋನಿನೊಳಗೇ ಬರುತ್ತಾರೆ. ದೂರದ ದೊಡ್ಡಾಸ್ಪತ್ರೆಯ ಅಲರ್ಜಿ ಡಾಕ್ಟರಮ್ಮ ಹಿಂದಿನ ವಿಡಿಯೋ ಕಾಲ್‌ನಲ್ಲಿ ಎದೆಯ ಪುರಾಣವನ್ನೆಲ್ಲ ಕೇಳಿ, "ಮುಂದಿನ ಸಲ ಫೋನ್ ಹಿಡ್ಕೊಂಡು ಮನೆ ಪೂರ್ತಿ ತೋರಿಸಿ. ದಿಂಬು, ಪರದೆ, ಗೋಡೆ, ಎಲ್ಲಾ ನೋಡ್ಬೇಕು" ಎಂದಿದ್ದರು. ಇವತ್ತು ಮಧ್ಯಾಹ್ನವೇ ಆ ಕಾಲ್. ಓನರಮ್ಮನ ಬಾಯಿ ಮುಚ್ಚಿಸುವ ಗಳಿಗೆ ಬಂತೆಂದು ಮೇಷ್ಟ್ರು ಅರ್ಧ ದಿನ ರಜೆ ಹಾಕಿ ಮನೆಗೆ ಓಡಿಬಂದರು, ಓಡಿದಷ್ಟು ಓಡಿ.

ಬಾಗಿಲು ತೆಗೆದರೆ ಬೇರೆ ಯಾರದೋ ಮನೆ! ನೆಲ ಫಳಫಳ ಅನ್ನುತ್ತಿದೆ. ಕಿಟಕಿಗೆ ಎದುರುಮನೆಯವರ ಪರದೆ ಬಂದಿದೆ. ಕೋಣೆಯೊಳಗೆ ಭಾವಮೈದ ಏಣಿ ಹತ್ತಿ ಆ ಗೋಡೆಗೇ ಬಿಳಿ ಬಣ್ಣ ಬಳಿಯುತ್ತಿದ್ದಾನೆ.

"ಏನೇ ಇದು, ಏನಿದು!"

"ಡಾಕ್ಟ್ರು ಮನೆ ನೋಡ್ತಾರಲ್ರೀ," ಎಂದಳು ಹೆಂಡತಿ, ಹಣೆಯ ಬೆವರು ಒರೆಸಿಕೊಳ್ಳುತ್ತಾ. "ಆ ಕರೀ ಗೋಡೆ ನೋಡಿದ್ರೆ ನನ್ನ ಏನಂದ್ಕೋತಾರೆ? ಮರ್ಯಾದೆ ಬೇಡ್ವಾ?"

"ಮರ್ಯಾದೆನ ಮೂಗಿಗೆ ಎಳ್ಕೊಂಡು ಉಸಿರಾಡ್ಲಾ? ಆ ಗೋಡೆ ತೋರ್ಸೋಕೇ ಕಣೇ ಡಾಕ್ಟ್ರನ್ನ ಕರೆದಿದ್ದು!"

"ಸಿಟ್ಟಾಗ್ಬೇಡಿ ಭಾವ," ಎಂದ ಏಣಿಯ ಮೇಲಿದ್ದವನು. "ಬಣ್ಣ ಓನರಮ್ಮನೇ ಕೊಟ್ರು, ಪುಕ್ಕಟೆ."

ಕೊಡದೆ ಇರುತ್ತಾಳೆಯೇ ಆ ಮಹಾತಾಯಿ! ಬಾಗಿಲಲ್ಲೇ ನಿಂತಿದ್ದಳು, ಹಾಲು ಕುಡಿದ ಬೆಕ್ಕಿನ ಹಾಗೆ. ಅವಳ ಹಿಂದೆ, ತನ್ನ ಪರದೆ ವಿಡಿಯೋದಲ್ಲಿ ಹೇಗೆ ಕಾಣುತ್ತದೋ ನೋಡಲು ಬಂದ ಎದುರುಮನೆಯಾಕೆ. ಬೆಳಗಿನಿಂದ ಕೊಡವಿದ ಧೂಳು, ಹಸಿ ಬಣ್ಣದ ವಾಸನೆ, ಅದನ್ನು ಮುಚ್ಚಲು ಹೊಡೆದ ಸೆಂಟು, ಎಲ್ಲ ಸೇರಿ ಮೇಷ್ಟ್ರ ಗಂಟಲನ್ನು ಹಿಚುಕಿದವು. ಇನ್‌ಹೇಲರ್ ಎಳೆದುಕೊಂಡು ಸುಧಾರಿಸಿಕೊಳ್ಳುವುದರೊಳಗೆ ಫೋನು ಬಡಿದುಕೊಂಡಿತು. ಅದನ್ನು ಎತ್ತಿದವಳು ಹೆಂಡತಿ.

"ಬನ್ನಿ ಡಾಕ್ಟ್ರೇ, ಇದು ದಿಂಬು, ದಿನಾ ಬಿಸಿಲಿಗೆ ಹಾಕ್ತೀನಿ." ಹಸಿ ಸುಳ್ಳು!

"ಪರದೆ ಇನ್ನೂ ಸ್ವಲ್ಪ ಹತ್ರ ಹಿಡೀರಿ, ಕಸೂತಿ ಕಾಣ್ಲಿ," ಎಂದಳು ಎದುರುಮನೆಯಾಕೆ.

"ಗೋಡೆ ತೋರ್ಸಿ," ಎಂದರು ಡಾಕ್ಟರಮ್ಮ.

ಮೇಷ್ಟ್ರು ಫೋನು ಕಿತ್ತುಕೊಂಡರು. "ನಂಬಬೇಡಿ ಡಾಕ್ಟ್ರೇ! ಇದರ ಕೆಳಗಡೆ ಬರೀ ಬೂಷ್ಟು! ಈಗ ತಾನೇ ಬಳಿದಿದಾರೆ, ಇರಿ, ಕೆರೆದು ತೋರಿಸ್ತೀನಿ!" ಜೇಬಿನಿಂದ ಬೀಗದಕೈ ತೆಗೆದು ಕರಕರನೆ ಕೆರೆದರು. ಬಿಳಿಯ ಕೆಳಗೆ ಮತ್ತೂ ಬಿಳಿಯೇ ಬಂತು.

"ಬಣ್ಣದ ಕೆಳಗೆ ಪುಟ್ಟಿ ಮೆತ್ತಿದೀನಿ ಭಾವ, ದಪ್ಪಗೆ," ಎಂದ ಭಾವಮೈದ ಹೆಮ್ಮೆಯಿಂದ. "ಉಳಿ ತಂದ್ರೂ ಏನೂ ಸಿಗಲ್ಲ."

ಫೋನಿನೊಳಗೆ ಡಾಕ್ಟರಮ್ಮ ನಕ್ಕರು. "ಎಷ್ಟು ಚೊಕ್ಕವಾಗಿದೆ ಮನೆ! ತೊಂದರೆ ಇಲ್ಲಿಂದ ಬರ್ತಿರೋ ಹಾಗೆ ಕಾಣಲ್ಲ. ಔಷಧಿ ಅದೇ ಇರಲಿ. ಕೂಗಾಟ ಕಡಿಮೆ ಮಾಡಿ ಮೇಷ್ಟ್ರೇ, ಸಿಟ್ಟಿಗೂ ಉಸಿರು ಕಟ್ಟುತ್ತೆ."

"ಕೇಳಿಸ್ಕೊಂಡ್ರಾ?" ಎಂದಳು ಓನರಮ್ಮ.

ಅಷ್ಟೇ. ಮೇಷ್ಟ್ರ ತಾಳ್ಮೆ ಕಿತ್ತುಹೋಯಿತು. "ಕೂಗಾಡ್ದೆ ಏನ್ರೀ ಮಾಡ್ಲಿ! ಉಸಿರು ಹೋಗ್ತಿರೋನು ನಾನು, ನಿಮಗೆಲ್ಲ ಪರದೆ ಚಿಂತೆ, ಮರ್ಯಾದೆ ಚಿಂತೆ! ಬೇಡ, ನಂಗೆ ಈ ಹಾಳು ಮನೇನೇ ಬೇಡ! ಈ ತಿಂಗಳೇ ಖಾಲಿ ಮಾಡ್ತೀನಿ. ನಿಮ್ಮ ಗೋಡೆ ನೀವೇ ನೆಕ್ಕೊಳ್ಳಿ!"

ಫೋನಿನಲ್ಲಿ ಡಾಕ್ಟರಮ್ಮನ ಮುಖ ಇದ್ದಕ್ಕಿದ್ದಂತೆ ದೊಡ್ಡದಾಯಿತು.

"ಹೌದಾ? ಆ ಮನೆ ಖಾಲಿ ಆಗುತ್ತಾ?" ದನಿಯಲ್ಲಿದ್ದ ಡಾಕ್ಟರಿಕೆಯೇ ಹೊರಟುಹೋಗಿತ್ತು. "ನಿಮ್ಮೂರಿನ ಆಸ್ಪತ್ರೆಗೇ ನಂಗೆ ವರ್ಗ ಆಗಿದೆ. ನಂಗೂ ಚಿಕ್ಕಂದಿನಿಂದ ಆಸ್ತಮಾ. ಇಂಥ ಚೊಕ್ಕ ಮನೆ ಹುಡುಕಿ ಹುಡುಕಿ ಸಾಕಾಗಿಹೋಗಿದೆ."

ಮೇಷ್ಟ್ರು ಆಡಿದ ಮಾತನ್ನು ನುಂಗಿಕೊಳ್ಳಲು ಬಾಯಿ ತೆರೆದರು. ಸುಂಯ್ ಎಂಬುದರ ಹೊರತು ಏನೂ ಬರಲಿಲ್ಲ. ಓನರಮ್ಮ ಅವರ ಕೈಯಿಂದ ಫೋನನ್ನು ಮೆತ್ತಗೆ ಬಿಡಿಸಿಕೊಂಡಳು.

"ಖಾಲಿ ಆಯ್ತು ಅಂತಲೇ ತಿಳ್ಕೊಳ್ಳಿ. ನಾಲ್ಕು ಜನರ ಮುಂದೆ ಅವರ ಬಾಯಲ್ಲೇ ಬಂತಲ್ಲ."

"ಅವರೇನೋ ಬೂಷ್ಟು ಅಂತಿದ್ರು..."

"ಅಯ್ಯೋ, ನಿಮಗ್ಯಾಕೆ ಆ ಯೋಚ್ನೆ ಡಾಕ್ಟ್ರೇ? ಇದ್ರೆ ಇರ್ಲಿ. ನೀವು ಬರೋದ್ರೊಳಗೆ ಮೇಲಿನ ಬಚ್ಚಲ ಪೈಪ್ ಬದ್ಲಾಯ್ಸಿ, ಈ ಗೋಡೇನ ಬುಡದಿಂದ ರಿಪೇರಿ ಮಾಡಿಸಿಡ್ತೀನಿ. ಉಸಿರಿನ ತೊಂದ್ರೆ ಇರೋರು ಮಲಗೋ ಜಾಗ ಅಲ್ವಾ?"