ಬಾತ್‌ರೂಮಿನ ಆವಿಯೂ ಮೂರನೆಯ ತಲಾಕೂ

ಸಿಗರೇಟು ಬಿಟ್ಟೆನೆಂದು ಹತ್ತು ಜನರ ಮುಂದೆ ಸಾರುವ ಗಂಡಸು ಇನ್ನೂ ಬಿಟ್ಟಿರುವುದಿಲ್ಲ. ನಿಜವಾಗಿ ಬಿಟ್ಟವನು ಬಾಯಿ ಮುಚ್ಚಿಕೊಂಡಿರುತ್ತಾನೆ, ಏಕೆಂದರೆ ಬಾಯಿ ತೆರೆದರೆ ಅವನಿಗೆ ಮೊದಲು ನೆನಪಾಗುವುದು ಸಿಗರೇಟೇ. ಇಷ್ಟು ಸಣ್ಣ ಸತ್ಯ ನಿಮಗೆ ಗೊತ್ತಿರಬೇಕು. ನಮ್ಮ ಬಸ್ಯೂನಿಗೆ ಗೊತ್ತಿರಲಿಲ್ಲ.

ಬಸ್ಯೂನಿ ಈಜಿಪ್ಟಿನ ನಮ್ಮ ದುಮ್ಯಾತಿನ ಬಡಗಿ ಬೀದಿಯಲ್ಲಿ ಪಾಲಿಶ್ ಉಸ್ತಾದ. ಮದುವೆಮನೆಗೆ ಹೋಗುವ ಚಿನ್ನದ ಬಣ್ಣದ ಸೋಫಾಗಳು ಅವನ ಕೈಯಲ್ಲಿ ಹೊಳಪು ಪಡೆದೇ ಕೈರೋದ ಲಾರಿ ಹತ್ತಬೇಕು. ಅವನ ಮೀಸೆಯೂ ಹಾಗೆಯೇ! ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ, ಹುರಿ ಮಾಡಿ, ರಾಜಕುರ್ಚಿಯ ಕೈಗಳಂತೆ ಎರಡೂ ಬದಿ ಸಮನಾಗಿ ಬಾಗಿಸಿಟ್ಟ ಮೀಸೆ. ಆ ಮೀಸೆಯ ಕೆಳಗೆ ಮೂರು ಹೊತ್ತೂ ಒಂದು ಸಿಗರೇಟು. ಕಾಲ ಬುಡದಲ್ಲಿ ಸ್ಪಿರಿಟ್ಟು, ವಾರ್ನಿಷ್ಷು, ತುಟಿಯಲ್ಲಿ ಬೆಂಕಿ. ಬಡಗಿ ಬೀದಿ ಇಂದಿಗೂ ನಿಂತಿದೆಯೆಂದರೆ ದೇವರಿಗೆ ಮರಗೆಲಸದವರ ಮೇಲೆ ವಿಶೇಷ ಕರುಣೆಯಿದೆ ಎಂದೇ ಅರ್ಥ.

ಒಂದು ಶುಕ್ರವಾರ, ನಮ್ಮ ವಾರದ ರಜೆಯ ದಿನ, ಹೆಂಡತಿಯ ಅಣ್ಣ ರಶ್ವಾನನ ಮನೆಯಲ್ಲಿ ಊಟ. ತಟ್ಟೆಯಲ್ಲಿ ಈರುಳ್ಳಿ ತುಂಬಿ ಬೇಯಿಸಿದ ಬಾತುಕೋಳಿ, ಸುತ್ತ ನೆಂಟರಿಷ್ಟರು. ಬಸ್ಯೂನಿಗೆ ಕೆಮ್ಮು ಬಂತು. ಬಂದದ್ದು ಹೋಗಲೇ ಇಲ್ಲ.

"ಭಾವ, ನಿಮ್ಮ ಎದೆ ಒಳಗೆ ಯಾರೋ ಹಲಗೆ ಕುಯ್ತಾ ಇದಾರೆ," ಎಂದ ರಶ್ವಾನ. "ಶುಕ್ರವಾರಾನಾದ್ರೂ ರಜಾ ಕೊಡಿ ಪಾಪ."

"ನಾಳೆಯಿಂದ ಬಿಡ್ತೀನಪ್ಪ."

"ನಿಮ್ಮ ಆ ನಾಳೆಗೆ ಈಗ ಮದುವೆ ವಯಸ್ಸಾಯ್ತು!"

ನೆಂಟರು ನಕ್ಕರು. ಮೀಸೆಯುಳ್ಳವನು ಏನನ್ನು ಬೇಕಾದರೂ ಸಹಿಸಿಯಾನು, ನೆಂಟರ ನಗೆಯನ್ನು ಸಹಿಸಲಾರ. ಬಸ್ಯೂನಿ ಎದ್ದು ನಿಂತ. ಬಾತುಕೋಳಿಯ ಕಾಲನ್ನು ಸೇನಾಪತಿಯ ಕತ್ತಿಯಂತೆ ಮೇಲಕ್ಕೆತ್ತಿದ.

"ಎಲ್ರೂ ಕೇಳಿಸ್ಕೊಳ್ಳಿ! ಇನ್ನು ಈ ಬಾಯಿಂದ ಹೊಗೆ ಬಂತೋ, ಇವಳಿಗೆ ತಲಾಕ್!"

'ಇವಳು' ಎಂದರೆ ಇನ್ಶಿರಾಹ್. ಅವನ ಹೆಂಡತಿ. ಆ ಕ್ಷಣಕ್ಕೆ ಅವಳು ಸೌಟು ಹಿಡಿದು ಅವನದೇ ತಟ್ಟೆಗೆ ಸಾರು ಬಡಿಸುತ್ತಿದ್ದಳು. ಸೌಟು ಗಾಳಿಯಲ್ಲೇ ನಿಂತಿತು.

"ಇದು ಮೂರನೇದು ಅಂತ ನೆನಪಿದೆಯಾ?" ಎಂದಳು ಮೆಲ್ಲಗೆ.

ನೆನಪಿರಲಿಲ್ಲ. ಹಿಂದೆ ಎರಡು ಸಲ ಸಿಟ್ಟಿನಲ್ಲಿ ಆ ಮಾತು ಆಡಿ, ಮರುದಿನ ಅತ್ತು ಕರೆದು ಕರೆತಂದಿದ್ದ. ಒಮ್ಮೆ ಉಪ್ಪಿನ ವಿಷಯಕ್ಕೆ. ಇನ್ನೊಮ್ಮೆ ಯಾತಕ್ಕೆಂದು ಇಬ್ಬರಿಗೂ ಮರೆತಿದೆ. ಆದರೆ ಮೂರನೆಯದು ಬಿತ್ತೆಂದರೆ ಕರೆತರುವ ದಾರಿಯೇ ಮುಚ್ಚಿಹೋಗುತ್ತದೆ. ಬಾತುಕೋಳಿಯ ಕಾಲು ಮೆತ್ತಗೆ ಕೆಳಗಿಳಿಯಿತು.

ಕೆಲವು ದಿನ ಬಸ್ಯೂನಿ ಸಿಗರೇಟು ಮುಟ್ಟಲಿಲ್ಲ. ಅಷ್ಟರಲ್ಲಿ ಎರಡು ಬ್ರಷ್ಷುಗಳ ಹಿಡಿಯನ್ನು ಕಚ್ಚಿ ತಿಂದಿದ್ದ. ಕನ್ನಡಿಯ ಚೌಕಟ್ಟಿಗೆ ಹಾಕಬೇಕಾದ ಬಂಗಾರದ ಬಣ್ಣವನ್ನು ಬಾಗಿಲಿಗೆ ಹಾಕಿದ. ಕೊನೆಗೆ ಕಾಲುಗಳೇ ಅವನನ್ನು ಮೂಲೆಯ ಜಕರಿಯಾನ ಅಂಗಡಿಗೆ ಹೊತ್ತುಕೊಂಡು ಹೋದವು. ಈ ಜಕರಿಯಾ ಮೊನ್ನೆ ಮೊನ್ನೆಯವರೆಗೆ ಸಿಗರೇಟು ಮಾರುತ್ತಿದ್ದವನು. ಈಗ ಬೋರ್ಡು ಬದಲಾಗಿ ವೇಪ್ ಎಂಬ ಬ್ಯಾಟರಿ ಸಿಗರೇಟಿನ ಅಂಗಡಿಯಾಗಿದೆ. ಗಲ್ಲಾಪೆಟ್ಟಿಗೆ ಮಾತ್ರ ಅದೇ. ಕಾಯಿಲೆಯನ್ನೂ ಮದ್ದನ್ನೂ ಒಬ್ಬನೇ ಮಾರುವ ಊರಿನಲ್ಲಿ ಯಾರು ತಾನೇ ಗುಣವಾಗುತ್ತಾರೆ, ಹೇಳಿ!

"ಹೊಗೆ ಬರೋ ಹಾಗಿಲ್ಲ ಕಣಪ್ಪ. ಬಂದ್ರೆ ಸಂಸಾರವೇ ಹೋಗುತ್ತೆ," ಎಂದ ಬಸ್ಯೂನಿ.

"ಉಸ್ತಾದ್ರೇ, ಇದು ಹೊಗೆ ಅಲ್ಲ, ಆವಿ! ಟೀ ಕೆಟಲ್ ಬಾಯಲ್ಲಿ ಬರಲ್ವಾ, ಅದೇ. ಕೆಟಲ್ ಯಾವತ್ತಾದ್ರೂ ಹೆಂಡ್ತಿ ಬಿಟ್ಟಿದ್ದು ಕೇಳಿದೀರಾ?"

ಕೇಳಿರಲಿಲ್ಲ. ವಾದ ಬಲವಾಗಿತ್ತು.

"ಯಾವ ರುಚಿ ಬೇಕು? ಮಾವು, ಪುದೀನ, ಕಲ್ಲಂಗಡಿ..."

"ಸಿಗರೇಟಿನ ರುಚಿ ಇಲ್ವಾ?"

"ಇದೆ. ಸಿಗರೇಟು ಬಿಟ್ಟವರು ಯಾರೂ ಅದನ್ನ ಕೇಳಲ್ಲ," ಎಂದು ಜಕರಿಯಾ ಅವನನ್ನೇ ನೋಡಿದ. ಬಸ್ಯೂನಿ ನಾಚಿ ಕಲ್ಲಂಗಡಿ ತೆಗೆದುಕೊಂಡ. ಒಂದು ಸಣ್ಣ ಡಬ್ಬಿಗೆ ಇರುವ ನಿಕೋಟಿನ್ ರಸಗಳಲ್ಲೆಲ್ಲ ಖಡಕ್ಕಾದದ್ದನ್ನೇ ತುಂಬಿಕೊಟ್ಟ ಜಕರಿಯಾ, "ಸ್ವಲ್ಪ ಹೊತ್ತು ಹಾಗೇ ಇಡಿ, ಒಳಗಿನ ಹತ್ತಿ ನೆನೀಬೇಕು. ಆಮೇಲೆ ಮೆಲ್ಲಗೆ ಎಳೀರಿ, ಹುಕ್ಕಾ ಎಳೆದಂಗೆ ಎಳೀಬೇಡಿ," ಎಂದು ಎರಡೆರಡು ಸಲ ಹೇಳಿದ.

ಮೊದಲ ಪದರ ಒಣಗದೆ ಎರಡನೆಯದು ಕೇಳಬೇಡಿ ಎಂದು ಊರಿನ ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವ ಉಸ್ತಾದನಿಗೆ ಹತ್ತಿ ನೆನೆಯುವಷ್ಟು ತಾಳ್ಮೆ ಇರಲಿಲ್ಲ. ಅಂಗಡಿಯ ಮೆಟ್ಟಿಲಿಳಿಯುತ್ತಲೇ ಎಳೆದ. ಒಣ ಹತ್ತಿ ಸುಟ್ಟು, ಗಂಟಲೊಳಗೆ ಯಾರೋ ಹಳೆಯ ಹಾಸಿಗೆಗೆ ಬೆಂಕಿ ಇಟ್ಟಂತಾಯಿತು. ಕೆಮ್ಮಿದ, ಅತ್ತ, ಜಕರಿಯಾನ ವಂಶವನ್ನು ನೆನೆದ. ವರ್ಕ್‌ಶಾಪಿಗೆ ಬಂದು ಮತ್ತೆ ಪ್ರಯತ್ನಿಸಿದ. ಈ ಸಲ ಹತ್ತಿ ನೆನೆದಿತ್ತು. ಇವನು ಹುಕ್ಕಾ ಎಳೆದಂತೆಯೇ ಎಳೆದ. ನಿಕೋಟಿನ್ ನೇರ ನೆತ್ತಿಗೆ ಹೋಗಿ ಸೋಫಾಗಳೆಲ್ಲ ಮದುವೆ ಮೆರವಣಿಗೆಯಂತೆ ಕುಣಿಯತೊಡಗಿದವು. ಬೀಳದಿರಲೆಂದು ಹತ್ತಿರದ ಕುರ್ಚಿಯ ಮೇಲೆ ಕುಸಿದ. ಆಗ ತಾನೇ ವಾರ್ನಿಷ್ ಬಳಿದ ಕುರ್ಚಿ! ಎದ್ದಾಗ ಕುರ್ಚಿಯೂ ಜೊತೆಗೇ ಎದ್ದಿತು.

ಆದರೂ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಸಿಗರೇಟಿಗೆ ಒಂದು ತುದಿಯಿತ್ತು. ಬೆರಳು ಸುಟ್ಟಾಗಲಾದರೂ ಎಸೆಯುತ್ತಿದ್ದ. ಈ ಡಬ್ಬಿಗೆ ತುದಿಯೇ ಇಲ್ಲ! ಬೆಳಿಗ್ಗೆ ಶುರುವಾದ ದಮ್ಮು ಸಂಜೆಗೂ ಮುಗಿಯುವುದಿಲ್ಲ.

ಅದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ಇದು ಹೊಗೆಯೋ ಆವಿಯೋ? ಕೆಟಲ್‌ನ ವಾದ ಜಕರಿಯಾನ ಅಂಗಡಿಯಲ್ಲಿ ಬಲವಾಗಿತ್ತು, ಮನೆಗೆ ತರುವಷ್ಟರಲ್ಲಿ ಸೊರಗಿತ್ತು. ಕನ್ನಡಿಯ ಮೇಲೆ ಊದಿದ; ಕನ್ನಡಿ ಬೆವರಿತು. ಆವಿ! ಬದುಕಿದೆ! ಕಿಟಕಿಯ ಬಿಸಿಲಿಗೆ ಊದಿದ; ಬೂದುಬಣ್ಣದ ಸುರುಳಿ ಎದ್ದಿತು. ಹೊಗೆ! ಸತ್ತೆ! ಹೆಂಡತಿ ಎದುರು ಬಂದಾಗಲೆಲ್ಲ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಎದುರಿಗಿರುವವಳು ಹೆಂಡತಿಯೋ, ಪರಸ್ತ್ರೀಯೋ? ಭಯವಾದರೆ ಒಂದು ದಮ್ಮು; ಆ ದಮ್ಮಿಗೆ ಇನ್ನೊಂದು ಭಯ; ಆ ಭಯಕ್ಕೆ ಮತ್ತೊಂದು ದಮ್ಮು. ಒಂದೊಂದು ದಮ್ಮಿಗೂ ಒಂದೊಂದು ತಲಾಕ್ ಎಂದು ಲೆಕ್ಕ ಹಿಡಿದರೆ ಬಸ್ಯೂನಿ ಇಡೀ ದುಮ್ಯಾತಿನ ಹೆಂಗಸರನ್ನು ಬಿಟ್ಟಾಗಿತ್ತು.

ಇನ್ಶಿರಾಹ್ ಕೇಳದೇ ಇರಲಿಲ್ಲ. "ಯಾಕೆ ಹೀಗೆ ಬೆವರ್ತಿದೀರಾ? ಮೈ ಹುಷಾರಿಲ್ವಾ? ಜೇಬಲ್ಲಿ ಅದೇನು ಅಂಟು ಅಂಟು?"

"ಅದು... ಹೊಸ ಪಾಲಿಶ್ಷು."

"ಕಲ್ಲಂಗಡಿ ವಾಸನೆ ಬರೋ ಪಾಲಿಶ್ಷಾ?"

"ಕೈರೋದವರು ಕೇಳ್ತಾರೆ ಕಣೇ. ಅವರಿಗೆ ಏನು ಬೇಕಾದ್ರೂ ಬೇಕು."

ಗುಟ್ಟು ರಟ್ಟಾದದ್ದು ಬಾತ್‌ರೂಮಿನಿಂದ. ನಮ್ಮ ಕಟ್ಟಡಗಳ ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಗಾಳಿಗಂಡಿ. ಎಲ್ಲ ಮನೆಗಳ ಬಾತ್‌ರೂಮು, ಅಡುಗೆಮನೆ ಕಿಟಕಿಗಳು ಅದಕ್ಕೇ ತೆರೆಯುತ್ತವೆ. ಒಬ್ಬರ ಮನೆಯ ಬೆಳ್ಳುಳ್ಳಿ ಒಗ್ಗರಣೆ, ಇನ್ನೊಬ್ಬರ ಮನೆಯ ಜಗಳ, ಎಲ್ಲವೂ ಅದರಲ್ಲೇ ಹತ್ತಿ ಇಳಿಯುತ್ತವೆ. ಒಂದು ಮಧ್ಯಾಹ್ನ ಬಸ್ಯೂನಿ ಬಾಗಿಲು ಚಿಲಕ ಹಾಕಿಕೊಂಡು, ಆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೂರು ದಿನದ ಆತಂಕವನ್ನೆಲ್ಲ ಒಂದೇ ಉಸಿರಿಗೆ ಊದಿಬಿಟ್ಟ. ಹೊರಟಿತು ನೋಡಿ ಮೋಡ! ಶ್ರಾವಣದಲ್ಲಿ ನಿಮ್ಮ ಘಟ್ಟಗಳ ಮೇಲೆ ಏರುತ್ತದೆಂದು ಕೇಳಿದ್ದೇನಲ್ಲ, ಅಂಥದ್ದು!

ಮೇಲಿನ ಮನೆಯ ಅಶ್ರಫನ ತಾಯಿ ಬಟ್ಟೆ ಒಣಹಾಕುತ್ತಿದ್ದವರು ಕಿರುಚಿದರು. "ಅಯ್ಯಯ್ಯೋ ಬೆಂಕಿ! ಬಸ್ಯೂನಿ ಮನೇಲಿ ಬೆಂಕಿ! ಗ್ಯಾಸ್ ಆರಿಸ್ರೋ!"

ಕಿಟಕಿಗಳೆಲ್ಲ ಪಟಪಟನೆ ತೆರೆದವು. "ವಾರ್ನಿಷ್ ಡಬ್ಬ ಹತ್ಕೊಂಡಿರ್ಬೇಕು!" "ನೀರು, ನೀರು!" ಮೇಲಿನಿಂದ ಒಂದು ಬಕೆಟ್ ಸೋಪಿನ ನೀರು ಧೋ ಎಂದು ಸುರಿಯಿತು. ಹಿಂದೆಯೇ ಇನ್ನೊಂದು ಬಕೆಟ್, ಅದರಲ್ಲಿ ಯಾರದೋ ಒಂದು ಕಾಲುಚೀಲವೂ ಇತ್ತು. ಆಮೇಲೆ ಯಾರೋ ಮೂಗರಳಿಸಿ ಕೂಗಿದರು: "ತಡೀರಿ, ತಡೀರಿ! ಕಲ್ಲಂಗಡಿ ವಾಸನೆ!"

"ಕಲ್ಲಂಗಡಿಗೆ ಬೆಂಕಿ ಬೀಳುತ್ತೇನ್ರೀ?"

ಅಷ್ಟರಲ್ಲಿ ಇನ್ಶಿರಾಹ್ ಬಾಗಿಲಿಗೆ ಭುಜ ಕೊಟ್ಟು ಚಿಲಕ ಕಿತ್ತಿದ್ದಳು. ಒಳಗೆ ಗಂಡ. ತಲೆಯ ಮೇಲೆ ಕಾಲುಚೀಲ, ಮೀಸೆಯ ತುದಿಯಲ್ಲಿ ಸೋಪಿನ ಗುಳ್ಳೆ, ಕೈಯಲ್ಲಿ ನೀಲಿ ದೀಪ ಮಿಣುಕುವ ಡಬ್ಬಿ.

"ಆವಿ ಕಣೇ," ಎಂದ ಬಸ್ಯೂನಿ. "ದೇವರಾಣೆ, ಬರೀ ಆವಿ!" ಎನ್ನುತ್ತಿದ್ದಂತೆ ಬಾಯಿಂದ ಉಳಿದಿದ್ದ ಮೋಡವೂ ಹೊರಬಂತು.

ಅವಳು ಬೈದಿದ್ದರೆ ಬಸ್ಯೂನಿ ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ. ಗೋಡೆಯ ಮೊಳೆಯಿಂದ ತಲೆವಸ್ತ್ರ ತೆಗೆದು, ಒಂದು ಕೂದಲೂ ಕಾಣದಂತೆ ಬಿಗಿಯಾಗಿ ಸುತ್ತಿಕೊಂಡಳು.

"ಏನೇ ಇದು? ನಾನು ಕಣೇ!"

"ನೀವು ಯಾರು ಅಂತ ಗೊತ್ತಾಗೋವರ್ಗೂ ಪರ ಗಂಡಸರ ಮುಂದೆ ತಲೆ ಬಿಟ್ಕೊಂಡು ನಿಲ್ಲೋಕಾಗಲ್ಲ," ಎಂದಳು. "ಮನೆ ಬಾಗಿಲು ತೆಗೆದಿಡ್ತೀನಿ. ಪರ ಗಂಡಸು, ಪರ ಹೆಂಗಸು ಇಬ್ಬರೇ ಇದ್ದಾಗ ಬಾಗಿಲು ಮುಚ್ಚಬಾರ್ದು."

ತೆರೆದ ಬಾಗಿಲಿನ ಮುಂದೆ ಇಡೀ ಕಟ್ಟಡ ಹತ್ತಿ ಇಳಿಯಿತು. ಕೆಲಸವಿಲ್ಲದವರೂ ಎರಡು ಸಲ ಹತ್ತಿದರು. ಊಟದ ತಟ್ಟೆ ಹೊಸ್ತಿಲಿಗೆ ಬಂತು.

"ಸ್ವಲ್ಪ ಉಪ್ಪು..."

"ಅತಿಥಿಗಳು ಇದ್ದದ್ದು ಊಟ ಮಾಡ್ಬೇಕು."

ಬಸ್ಯೂನಿ ವರ್ಕ್‌ಶಾಪಿಗೆ ಹೋಗಿ, ಯಾವುದೋ ಮದುಮಗಳಿಗೆಂದು ತಯಾರಾದ ಬಂಗಾರದ ಮಂಚದ ಮೇಲೆ ಆ ರಾತ್ರಿ ಒಬ್ಬನೇ ಮಲಗಿದ. ತಲೆಯ ಮೇಲೆ ಕೆತ್ತಿದ ಎರಡು ಪಾರಿವಾಳಗಳು ಮುತ್ತಿಡುತ್ತಿದ್ದವು. ಆ ಪಾರಿವಾಳಗಳ ಕೆಳಗೆ ಅವನು ನಿಜವಾಗಿ ಹೆದರಿದ. ಅವಳಿಲ್ಲದ ಮನೆ ಹೇಗಿರುತ್ತದೆ? ಬೆಳಿಗ್ಗೆ ಯಾರು ಬೈಯುತ್ತಾರೆ? ಕೈ ತಾನಾಗಿ ಜೇಬಿಗೆ ಹೋಯಿತು. ನಾಚಿಕೆಗೆಟ್ಟ ಕೈ!

ಮರುದಿನ ಮಧ್ಯಾಹ್ನದ ನಂತರದ ನಮಾಜು ಮುಗಿದ ಮೇಲೆ ಮಸೀದಿಯ ಶೇಖ್ ಅಬ್ದುಲ್ ಬರ್ರ್ ಅವರ ಬಳಿ ತೀರ್ಪು ಕೇಳಲು ಮೂವರೂ ಹೋದರು. ಮುಂದೆ ರಶ್ವಾನ, ಹಿಂದೆ ಬಸ್ಯೂನಿ, ಮಾರು ದೂರದಲ್ಲಿ ಇನ್ಶಿರಾಹ್. ಅಲ್ಲಿ ಆಗಲೇ ಸಾಲು! ಒಬ್ಬ, ಅತಿಥಿ ಇನ್ನೊಂದು ತುಂಡು ಮಾಂಸ ತಿನ್ನದಿದ್ದರೆ ತಲಾಕ್ ಎಂದಿದ್ದ. ಅತಿಥಿಗೆ ಹೊಟ್ಟೆ ತುಂಬಿತ್ತು. ಇನ್ನೊಬ್ಬ ಬೀಚ್ ಮರದ ಹಲಗೆಯ ವ್ಯಾಪಾರದಲ್ಲಿ ಆಣೆ ಇಟ್ಟಿದ್ದ. ಮತ್ತೊಬ್ಬ ಫುಟ್‌ಬಾಲ್ ಪಂದ್ಯದ ಮೇಲೆ. ಎಲ್ಲರೂ ಕಾಫಿ ಅಂಗಡಿಯಲ್ಲಿ ಕೂತಂತೆ ಹಾಯಾಗಿ ಹರಟುತ್ತಿದ್ದರು. ಅವರ ಹೆಂಡತಿಯರು ಆ ಹೊತ್ತಿಗೆ ಮನೆಯಲ್ಲಿ ಮೀನು ಹುರಿಯುತ್ತಿದ್ದರು, ತಾವು ಹೆಂಡತಿಯರೋ ಅಲ್ಲವೋ ಎಂಬುದೂ ತಿಳಿಯದೆ. ಇದಕ್ಕೆ ನಗಬೇಕೆನಿಸಿದರೆ ನಗಿ. ನನಗೆ ನಗು ಬರಲಿಲ್ಲ.

ಬಸ್ಯೂನಿ ಡಬ್ಬಿ ತೆಗೆದು, "ಶೇಖ್ ಸಾಹೇಬ್ರೇ, ನೀವೇ ನೋಡಿ, ಇದು ಕೆಟಲ್ ಜಾತಿಗೆ ಸೇರಿದ್ದು..." ಎಂದು ಶುರು ಮಾಡಿದ.

"ಅದನ್ನ ಒಳಗಿಡಿ," ಎಂದರು ಶೇಖ್. "ಆವಿನೋ ಹೊಗೆನೋ ನಂಗೆ ಬೇಡ. ಆ ಮಾತಾಡಿದಾಗ ಈ ತಾಯಿನ ಬಿಡೋ ಮನಸ್ಸಿತ್ತಾ?"

"ಅಯ್ಯೋ, ಇಲ್ಲ! ಸಿಗರೇಟಿನ ಮೇಲೆ ಸಿಟ್ಟಿತ್ತು, ಇವಳ ಮೇಲಲ್ಲ. ಇವಳಿಲ್ದೆ ನಾನು..." ಎನ್ನುತ್ತಾ ಅತ್ತೇಬಿಟ್ಟ. ಈ ಸಲ ಕಲ್ಲಂಗಡಿಯಿಂದಲ್ಲ.

"ಹಾಗಿದ್ರೆ ನನ್ನ ತಿಳಿವಳಿಕೆ ಪ್ರಕಾರ ತಲಾಕ್ ಇಲ್ಲ. ಆಣೆ ಮುರಿದಿದ್ದಕ್ಕೆ ಪ್ರಾಯಶ್ಚಿತ್ತ ಇದೆ. ಹತ್ತು ಜನ ಬಡವರಿಗೆ ಊಟ ಹಾಕಿ. ನಾಲಿಗೆಗೆ ಬೀಗ ಹಾಕಿ."

ಬಸ್ಯೂನಿ ಗೆದ್ದ ಜಟ್ಟಿಯಂತೆ ತಿರುಗಿದ. "ನೋಡಿದ್ಯಾ! ಗಂಟು ಗಟ್ಟಿಯಾಗಿದೆ! ತೆಗಿ ಆ ತಲೆವಸ್ತ್ರ, ಮನೆಗೆ ನಡಿ!" ಸಂತೋಷಕ್ಕೆ ಒಂದು ದಮ್ಮು ಎಳೆಯಲು ಬೆರಳು ಜೇಬಿಗಿಳಿಯಿತು.

"ನಿಲ್ಲಿ," ಎಂದಳು ಇನ್ಶಿರಾಹ್. "ಶೇಖ್ ಸಾಹೇಬ್ರೇ, ಅಣ್ಣ, ಸಾಲಲ್ಲಿ ನಿಂತಿರೋರೆಲ್ಲ ಸಾಕ್ಷಿ. ನಾನೂ ಒಂದು ಆಣೆ ಇಡ್ತೀನಿ. ಇವರ ಬಾಯಿಂದ ಇನ್ನು ಹೊಗೆನೋ, ಆವಿನೋ, ಮಂಜೋ, ಮೋಡವೋ, ಏನು ಬಂದ್ರೂ ಇವರ ಮೀಸೆ ಬೋಳಿಸ್ಬೇಕು!"

ಬಸ್ಯೂನಿಯ ಎರಡೂ ಕೈಗಳು ಮೀಸೆಗೆ ಹಾರಿದವು. "ನನ್ನ ಮೀಸೆ ಮೇಲೆ ನೀನು ಹೆಂಗೆ ಆಣೆ ಇಡ್ತೀಯೇ? ಅದು ನಂದು!"

"ನನ್ನ ಮದುವೆ ಮೇಲೆ ನೀವು ಹೆಂಗಿಟ್ರಿ? ಅದು ನಂದಲ್ವಾ?"

ಸಾಲಿನಲ್ಲಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಮೀಸೆ ಮುಟ್ಟಿ ನೋಡಿಕೊಂಡರು. ಶೇಖರು ಗಡ್ಡದೊಳಗೆ ನಕ್ಕು, "ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲಪ್ಪ. ನಿಮ್ಮ ಹತ್ರ ಇದ್ರೆ ಹೇಳಿ," ಎಂದರು.

ಡಬ್ಬಿ ಅಂದೇ ಜಕರಿಯಾನ ಗಲ್ಲಾದ ಮೇಲೆ ಬಿತ್ತು. ಬಸ್ಯೂನಿ ಈಗ ಕುಂಬಳಬೀಜ ಕಡಿಯುತ್ತಾನೆ. ಬೆರಳು ತುಟಿಯ ಕಡೆ ಹೊರಟಾಗಲೆಲ್ಲ ದಾರಿಯಲ್ಲಿ ಮೀಸೆ ಸಿಗುತ್ತದೆ, ಬೆದರಿ ಹಿಂತಿರುಗುತ್ತದೆ. ಎದೆಯೊಳಗಿನ ಗರಗಸವೂ ನಿಂತಿದೆ. ಬೀದಿಯವರೆಲ್ಲ ಶಭಾಸ್ ಎನ್ನುತ್ತಾರೆ.

"ಹೌದು, ಬಿಟ್ರು," ಎನ್ನುತ್ತಾಳೆ ಇನ್ಶಿರಾಹ್, ಬಂದವರಿಗೆ ಟೀ ಕೊಡುತ್ತಾ. "ಹೆಂಡ್ತಿ ಹೋಗ್ತಾಳೆ ಅಂದಾಗ ಬಿಡೋಕಾಗ್ಲಿಲ್ಲ. ಮೀಸೆ ಹೋಗುತ್ತೆ ಅಂದಾಗ ಬಿಟ್ರು. ಏನೇ ಆಗ್ಲಿ, ನನ್ನ ಬೆಲೆ ಎಷ್ಟು ಅಂತ ಗೊತ್ತಾಯ್ತು."

ಬಸ್ಯೂನಿ ಆಗ ಕುಂಬಳಬೀಜದ ಸಿಪ್ಪೆಗಳನ್ನು ಬಹಳ ಶ್ರದ್ಧೆಯಿಂದ ಹೆಕ್ಕುತ್ತಿರುತ್ತಾನೆ.

ದುಮ್ಯಾತಿನ ಗಂಡಸರ ಕಥೆಯೆಂದು ನೀವು ಹಾಯಾಗಿ ನಗುತ್ತಿದ್ದೀರಿ. ನಿಮ್ಮ ಕಡೆ ತಲಾಕಿನ ಆಣೆ ಇರಲಿಕ್ಕಿಲ್ಲ. ಆದರೆ ನಾಳೆಯಿಂದ ಕುಡಿಯುವುದಿಲ್ಲ, ಸೇದುವುದಿಲ್ಲ ಎನ್ನುವಾಗ ಪಕ್ಕದಲ್ಲಿ ಆಡುತ್ತಿದ್ದ ಮಗುವನ್ನು ಎಳೆದು ಅದರ ತಲೆ ಮುಟ್ಟುವವರು ನೀವೇ ಅಲ್ಲವೇ? ಆಣೆ ಇಡಲೇಬೇಕಿದ್ದರೆ ನಿಮ್ಮ ಮೂಗಿನ ಕೆಳಗೇ ಜಾಗವಿದೆ. ಆ ಮಗುವಿನ ತಲೆಯ ಮೇಲಿಂದ ಮೊದಲು ಕೈ ತೆಗೆಯಿರಿ!